ಮೆದುಳಿನ ಬೈಪಾಸ್‌ಗೆ ರಕ್ತನಾಳ ಎಲ್ಲಿಂದ ತರುವುದು?

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆಯೂ ಇಷ್ಟು ಜನ ಬಂದು ಕೂತಿದ್ದೀರಿ, ತುಂಬ ಸಂತೋಷ. ಕೇರಳದ ಗಡಿಯೊಳಗಿನ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಿಂತು ಕನ್ನಡದಲ್ಲಿ ಮೆದುಳಿನ ಆಪರೇಷನ್ ಬಗ್ಗೆ ಮಾತಾಡುವ ಅವಕಾಶ ನನಗೆ ಸಿಗುವುದೇ ಅಪರೂಪ. ಹಾಗಾಗಿ ಪೀಠಿಕೆ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಹೃದಯದ ಬೈಪಾಸ್ ಇಲ್ಲಿ ಎಲ್ಲರಿಗೂ ಗೊತ್ತು. ಪ್ರತಿ ಊರಲ್ಲೂ ಮಾಡಿಸಿಕೊಂಡವರು ಒಬ್ಬಿಬ್ಬರಾದರೂ ಇದ್ದಾರೆ. ಮೆದುಳಿಗೂ ಬೈಪಾಸ್ ಉಂಟು ಅಂದರೆ ಮಾತ್ರ ಜನ ಹುಬ್ಬೇರಿಸುತ್ತಾರೆ. ಉಂಟು. ಎಲ್ಲ ಕಡೆ ಮಾಡುವುದಿಲ್ಲ, ಎಲ್ಲರಿಗೂ ಬೇಕಾಗುವುದೂ ಇಲ್ಲ, ಆದರೆ ಬೇಕಾದವರಿಗೆ ಅದು ಬಿಟ್ಟರೆ ಬೇರೆ ದಾರಿ ಕಡಿಮೆ. ಆ ಆಪರೇಷನ್ ಮುಗಿದ ಮೇಲೆ ಐಸಿಯು ಹೊರಗೆ ಮನೆಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: "ಡಾಕ್ಟ್ರೆ, ತಲೆಯ ಆಪರೇಷನ್ ಅಂದಿದ್ದಿರಿ, ಕೈಗೆ ಯಾಕೆ ಇಷ್ಟುದ್ದ ಬ್ಯಾಂಡೇಜ್?" ಕೆಲವರಿಗೆ ಕೈಗಲ್ಲ, ಕಾಲಿಗೆ. ಈ ಪ್ರಶ್ನೆ ಆಪರೇಷನ್ ಆದ ಮೇಲೆ ಬರಲೇಬಾರದು, ಮೊದಲೇ ಬರಬೇಕು. ನಾನು ಇವತ್ತು ಹೇಳಬೇಕು ಅಂದುಕೊಂಡದ್ದು ಅಷ್ಟೇ. ಮೆದುಳಿಗೆ ಜೋಡಿಸುವ ರಕ್ತನಾಳವನ್ನು ದೇಹದ ಯಾವ ಭಾಗದಿಂದ ತೆಗೆಯುತ್ತಾರೆ, ಮೊದಲ ಆಯ್ಕೆ ಸಿಗದಿದ್ದರೆ ಮುಂದಿನದು ಯಾವುದು, ಅದನ್ನು ಕೊಟ್ಟ ಕೈಯೋ ಕಾಲೋ ಏನು ಕಳೆದುಕೊಳ್ಳುತ್ತದೆ. ಇದನ್ನು ರೋಗಿಯೂ ಮನೆಯವರೂ ಮುಂಚೆಯೇ ಕೂತು ಮಾತಾಡಬಹುದು, ಮಾತಾಡಬೇಕು.

ಮೊದಲು ಸ್ವಲ್ಪ ಶರೀರದ ವಿಷಯ. ಕತ್ತಿನ ಎರಡೂ ಬದಿಯಲ್ಲಿ ಕೆರೋಟಿಡ್ ಅನ್ನುವ ದೊಡ್ಡ ರಕ್ತನಾಳ ಮೇಲೆ ಹೋಗುತ್ತದೆ. ದವಡೆಯ ಕೆಳಗೆ ಅದು ಎರಡಾಗುತ್ತದೆ. ಒಳಗಿನದು ಮೆದುಳಿಗೆ ಹೋಗುತ್ತದೆ, ಹೊರಗಿನದು ಮುಖಕ್ಕೂ ನೆತ್ತಿಯ ಚರ್ಮಕ್ಕೂ. ಈಗ ಎಲ್ಲರೂ ಕಿವಿಯ ಮುಂದೆ, ಕಪೋಲದ ಎಲುಬಿನ ಹಿಂದೆ ಬೆರಳಿಟ್ಟು ಮೆತ್ತಗೆ ಒತ್ತಿ ನೋಡಿ. ಮಿಡಿತ ಸಿಗುತ್ತದೆ, ಅಲ್ವಾ? ಅದು ಹೊರಗಿನ ಕೆರೋಟಿಡ್‌ನ ಒಂದು ಕವಲು. ಸೂಪರ್‌ಫಿಷಿಯಲ್ ಟೆಂಪೊರಲ್ ಆರ್ಟರಿ ಅಂತ ಹೆಸರು. ಆರ್ಟರಿ ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳ. ನಾನು ಸುಲಭಕ್ಕೆ 'ಕಿವಿ ಮುಂದಿನ ಆರ್ಟರಿ' ಅನ್ನುತ್ತೇನೆ.

ನಮ್ಮ ಮೆದುಳು ದೇಹದ ತೂಕದಲ್ಲಿ ಬರೀ 2 ಶೇಕಡ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು 15 ಶೇಕಡ ಅದಕ್ಕೇ ಬೇಕು. ಮಿನಿಟಿಗೆ ಸುಮಾರು 750 ಮಿಲಿಲೀಟರ್. ಒಂದು ಬದಿಯ ಒಳ ಕೆರೋಟಿಡ್ ಒಂದರಲ್ಲೇ ಮಿನಿಟಿಗೆ 250 ಮಿಲಿಲೀಟರ್ ಆಸುಪಾಸು ಹರಿಯುತ್ತದೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೆದುಳಿನ ಅಡಿಯಲ್ಲಿ ಎರಡೂ ಬದಿಯ ನಾಳಗಳು ಸೇರಿ ಒಂದು ಬಳೆಯಾಗುತ್ತವೆ. ಥಾಮಸ್ ವಿಲ್ಲಿಸ್ ಅನ್ನುವ ಇಂಗ್ಲಿಷ್ ವೈದ್ಯ 1664ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದ. ಬಳೆ ಪೂರ್ತಿ ಇದ್ದವರಿಗೆ ಒಂದು ಬದಿ ಮುಚ್ಚಿದರೂ ಇನ್ನೊಂದು ಬದಿಯಿಂದ ರಕ್ತ ಬಂದೀತು. ಆದರೆ ತುಂಬ ಜನರಲ್ಲಿ ಆ ಬಳೆ ಎಲ್ಲೋ ಒಂದು ಕಡೆ ತೀರ ಸಪೂರ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಬೈಪಾಸ್ ಯಾರಿಗೆ ಬೇಕಾಗುತ್ತದೆ? ಒಂದು, ಮೊಯಮೊಯ ಅನ್ನುವ ಕಾಯಿಲೆ. ಮೆದುಳಿಗೆ ಹೋಗುವ ದೊಡ್ಡ ನಾಳಗಳು ನಿಧಾನವಾಗಿ ತಾವೇ ಮುಚ್ಚಿಕೊಳ್ಳುತ್ತಾ ಬರುತ್ತವೆ. ಮಕ್ಕಳಲ್ಲೂ ಬರುತ್ತದೆ. ಎರಡು, ರಕ್ತನಾಳ ಉಬ್ಬಿ ದೊಡ್ಡ ಗುಳ್ಳೆಯಾಗುವುದು, ಅನ್ಯೂರಿಸಂ. 25 ಮಿಲಿಮೀಟರ್ ದಾಟಿದರೆ ನಾವು ಅದನ್ನು ದೈತ್ಯ ಅನ್ಯೂರಿಸಂ ಅನ್ನುತ್ತೇವೆ, ಕೆಲವದರ ಬುಡಕ್ಕೆ ಕ್ಲಿಪ್ ಹಾಕಿ ಗುಳ್ಳೆಯನ್ನು ಮಾತ್ರ ಮುಚ್ಚಲು ಆಗುವುದಿಲ್ಲ, ನಾಳವನ್ನೇ ಮುಚ್ಚಬೇಕಾಗುತ್ತದೆ. ಮುಚ್ಚಿದರೆ ಆ ರಕ್ತ ಬೇರೆ ದಾರಿಯಿಂದ ಬರಬೇಕಲ್ಲ? ಮೂರು, ತಲೆಬುರುಡೆಯ ಅಡಿಯ ಗೆಡ್ಡೆ ಕೆರೋಟಿಡ್ ನಾಳವನ್ನೇ ಸುತ್ತಿಕೊಂಡಿದ್ದರೆ.

ಇನ್ನು ಕೊಬ್ಬು ಕಟ್ಟಿ ಕೆರೋಟಿಡ್ ಪೂರ್ತಿ ಬಂದ್ ಆಗಿ ಪಾರ್ಶ್ವವಾಯು ಬಂದವರ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ "ಬೈಪಾಸ್ ಮಾಡಿದರೆ ಕೈಕಾಲು ಸರಿಯಾಗುತ್ತದಂತೆ" ಅಂತ ನಂಬಿ ಸಾಲ ಮಾಡಲು ಹೊರಟವರನ್ನು ನೋಡಿದ್ದೇನೆ. ಸತ್ತುಹೋದ ಮೆದುಳಿನ ಭಾಗಕ್ಕೆ ಬೈಪಾಸ್ ಜೀವ ಕೊಡುವುದಿಲ್ಲ. ಮುಂದೆ ಬರಬಹುದಾದ ಸ್ಟ್ರೋಕ್ ಅನ್ನು ತಡೆಯುತ್ತದಾ ಅಂದರೆ, ಅದನ್ನೂ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. 1985ರಲ್ಲಿ 1377 ರೋಗಿಗಳ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಜೋಡಿಸಿದ ನಾಳಗಳಲ್ಲಿ 96 ಶೇಕಡ ತೆರೆದೇ ಇದ್ದವು, ಕೈಚಳಕದಲ್ಲಿ ಕೊರತೆ ಇರಲಿಲ್ಲ. ಆದರೂ ಬರೀ ಔಷಧಿ ತೆಗೆದುಕೊಂಡವರಿಗಿಂತ ಸ್ಟ್ರೋಕ್ ಕಡಿಮೆಯಾಗಲಿಲ್ಲ. 2011ರಲ್ಲಿ ಅಮೆರಿಕದ ಅಧ್ಯಯನ, 2023ರಲ್ಲಿ ಚೀನಾದ ಅಧ್ಯಯನ, ಎರಡರಲ್ಲೂ ಒಟ್ಟಾರೆ ಲಾಭ ಕಾಣಲಿಲ್ಲ. ಹಾಗಾಗಿ ಈ ಗುಂಪಿನ ಹೆಚ್ಚಿನವರಿಗೆ ಆಸ್ಪಿರಿನ್, ಬಿಪಿ, ಶುಗರ್, ಕೊಲೆಸ್ಟರಾಲ್ ಹಿಡಿತ, ತಂಬಾಕು ಬಿಡುವುದು, ಇವೇ ಚಿಕಿತ್ಸೆ. ಮೊಯಮೊಯದ ಕತೆ ಬೇರೆ. ಅದರಲ್ಲಿ ಒಮ್ಮೆ ಮೆದುಳಲ್ಲಿ ರಕ್ತಸ್ರಾವ ಆದ ದೊಡ್ಡವರಿಗೆ ಬೈಪಾಸ್ ಮಾಡಿದರೆ ಮತ್ತೆ ರಕ್ತಸ್ರಾವ ಆಗುವುದು ಕಡಿಮೆಯಾಗುತ್ತದೆ ಅಂತ 2014ರಲ್ಲಿ ಜಪಾನಿನ ಅಧ್ಯಯನ ತೋರಿಸಿತು.

ಈಗ ಹೊಲಿಗೆಯ ವಿಷಯ. ರಕ್ತನಾಳವನ್ನು ಹೊಲಿಯಬಹುದು ಅನ್ನುವುದೇ ಒಂದು ಕಾಲದಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋಗೆ ಲಿಯೋನ್ ನಗರದಲ್ಲಿ ಒಬ್ಬ ಚೂರಿ ಹಾಕಿದ. ಹೊಟ್ಟೆಯ ದೊಡ್ಡ ರಕ್ತನಾಳ ತುಂಡಾಗಿತ್ತು, ಹೊಲಿಯಲು ಯಾರಿಗೂ ಬರುತ್ತಿರಲಿಲ್ಲ, ಅವರು ತೀರಿಹೋದರು. ಆಗ ಅದೇ ಊರಲ್ಲಿದ್ದ ಅಲೆಕ್ಸಿ ಕರೆಲ್ ಅನ್ನುವ ಎಳೆಯ ವೈದ್ಯನ ಮನಸ್ಸಿಗೆ ಇದು ಚುಚ್ಚಿತು. ಅವನು ಕಸೂತಿ ಹಾಕುವ ಒಬ್ಬ ಹೆಂಗಸಿನ ಹತ್ತಿರ ಹೋಗಿ ಸಪೂರ ಸೂಜಿಯಲ್ಲಿ ಹೊಲಿಯುವುದನ್ನು ಕಲಿತ. ಆಮೇಲೆ ನಾಳ ಜೋಡಿಸುವ ವಿಧಾನ ಕಂಡುಹಿಡಿದ. 1912ರಲ್ಲಿ ನೊಬೆಲ್ ಸಿಕ್ಕಿತು. ನಾವು ಇವತ್ತಿಗೂ ಮಾಡುವುದು ಅವನ ದಾರಿಯಲ್ಲೇ. ಆ ಕಸೂತಿಯಮ್ಮನ ಋಣ ನಮ್ಮ ಮೇಲೆ ಉಂಟು ಅಂತ ನಾನು ಕಲಿಯುವ ಹುಡುಗರಿಗೆ ಹೇಳುತ್ತಲೇ ಇರುತ್ತೇನೆ.

ಮೆದುಳಿಗೆ ಹೀಗೊಂದು ಬೈಪಾಸ್ ಮಾಡಬಹುದು ಅಂತ ನರರೋಗ ವೈದ್ಯ ಮಿಲ್ಲರ್ ಫಿಷರ್ 1951ರಲ್ಲೇ ಬರೆದಿದ್ದರು. ಮಾಡಿ ತೋರಿಸಿದವರು ಮೆದುಳಿನ ಸರ್ಜನ್ ಗಾಜಿ ಯಾಶರ್ಗಿಲ್. 1967ರಲ್ಲಿ, ಜ್ಯೂರಿಕ್‌ನಲ್ಲಿ. ಕಿವಿ ಮುಂದಿನ ಆರ್ಟರಿಯನ್ನು ತಲೆಬುರುಡೆಯ ಒಂದು ಕಿಂಡಿಯ ಮೂಲಕ ಒಳಗೆ ತಂದು ಮೆದುಳಿನ ಮೇಲಿನ ನಾಳಕ್ಕೆ ಜೋಡಿಸಿದರು. ನೋಡಿ, ಇಲ್ಲಿ ಬೇರೆ ಕಡೆಯಿಂದ ಏನನ್ನೂ ತರಬೇಕಾಗಿಲ್ಲ. ನಾಳ ಪಕ್ಕದಲ್ಲೇ ಇದೆ, ಒಂದು ತುದಿ ಮಾತ್ರ ಬಿಡಿಸಿ ಒಳಗೆ ತಿರುಗಿಸಿದರೆ ಆಯಿತು. ಸಾಧ್ಯವಾದಲ್ಲೆಲ್ಲ ಇದೇ ಒಳ್ಳೆಯದು. ಮೆದುಳಿನ ಹಿಂಭಾಗಕ್ಕಾದರೆ ಕಿವಿಯ ಹಿಂದಿನಿಂದ ಹೋಗುವ ಆಕ್ಸಿಪಿಟಲ್ ಆರ್ಟರಿ ಇದೇ ಕೆಲಸ ಮಾಡುತ್ತದೆ. ಮೊಯಮೊಯ ಬಂದ ಸಣ್ಣ ಮಕ್ಕಳಲ್ಲಂತೂ ಹಲವು ಸಲ ಹೊಲಿಗೆಯೂ ಬೇಡ. ಆ ಆರ್ಟರಿಯನ್ನು ಮೆದುಳಿನ ಮೇಲ್ಮೈಗೆ ತಾಗಿಸಿ ಇಟ್ಟರೆ ಕೆಲವು ತಿಂಗಳಲ್ಲಿ ಅದರಿಂದ ತಾನೇ ಹೊಸ ನಾಳಗಳು ಹುಟ್ಟಿಕೊಳ್ಳುತ್ತವೆ.

ತೊಂದರೆ ಶುರುವಾಗುವುದು ರಕ್ತ ಜಾಸ್ತಿ ಬೇಕಾದಾಗ. ಕಿವಿ ಮುಂದಿನ ಆರ್ಟರಿ ಜೋಡಿಸಿದ ಹೊಸತರಲ್ಲಿ ಕೊಡುವುದು ಮಿನಿಟಿಗೆ 20ರಿಂದ 60 ಮಿಲಿಲೀಟರ್ ಅಷ್ಟೇ. ಕೆರೋಟಿಡ್‌ನದ್ದು 250 ಅಂತ ಹೇಳಿದೆನಲ್ಲ? ಪೂರ್ತಿ ಕೆರೋಟಿಡ್ ಮುಚ್ಚಬೇಕಾದ ರೋಗಿಗೆ ಈ ಸಣ್ಣ ನಾಳ ಸಾಕಾಗದೆ ಹೋಗಬಹುದು. ಆಗ ಕತ್ತಿನಲ್ಲಿರುವ ಹೊರಗಿನ ಕೆರೋಟಿಡ್‌ನಿಂದ ಮೆದುಳಿನ ತನಕ ಒಂದು ಹೊಸ ನಾಳವನ್ನೇ ಎಳೆಯಬೇಕು. ಉದ್ದ ಹೆಚ್ಚುಕಡಿಮೆ 20 ಸೆಂಟಿಮೀಟರ್. ಇದನ್ನೇ ಗ್ರಾಫ್ಟ್ ಅನ್ನುವುದು.

"ಪ್ಲಾಸ್ಟಿಕ್ ಟ್ಯೂಬ್ ಹಾಕಬಾರದಾ, ಕೈಕಾಲು ಯಾಕೆ ಕೊಯ್ಯಬೇಕು?" ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹೊಟ್ಟೆಯ ದೊಡ್ಡ ರಕ್ತನಾಳಕ್ಕೆ ಕೃತಕ ಟ್ಯೂಬ್ ಹಾಕುತ್ತಾರೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ 6 ಮಿಲಿಮೀಟರಿಗಿಂತ ಸಪೂರ ಆದರೆ ಕೃತಕ ಟ್ಯೂಬಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ನಮಗೆ ಬೇಕಾದ್ದು 2ರಿಂದ 3 ಮಿಲಿಮೀಟರಿನದ್ದು. ಅದಕ್ಕೆ ಸ್ವಂತ ದೇಹದ ನಾಳವೇ ಆಗಬೇಕು.

ಮೊದಲು ಎಲ್ಲರೂ ಬಳಸುತ್ತಿದ್ದದ್ದು ಕಾಲಿನ ಸಫೀನಸ್ ವೇನ್. ಒಳಗಾಲಿನ ಉದ್ದಕ್ಕೂ ಚರ್ಮದ ಕೆಳಗೇ ಹೋಗುತ್ತದೆ, ಹೃದಯದ ಬೈಪಾಸಿಗೂ ಅದನ್ನೇ ತೆಗೆಯುತ್ತಾರೆ. ಬೇಕಾದಷ್ಟು ಉದ್ದ ಸಿಗುತ್ತದೆ, ರಕ್ತವೂ ಜಾಸ್ತಿ ಹರಿಯುತ್ತದೆ, ಮಿನಿಟಿಗೆ 100ರಿಂದ 200 ಮಿಲಿಲೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆದರೆ ಅದು ವೇನ್, ಹೃದಯಕ್ಕೆ ರಕ್ತ ಮರಳಿ ತರುವ, ಒತ್ತಡ ಕಡಿಮೆ ಇರುವ ನಾಳ. ಗೋಡೆ ತೆಳು. ಒಳಗೆ ಕವಾಟಗಳಿವೆ, ಹಾಗಾಗಿ ತಲೆಕೆಳಗು ಮಾಡಿ ಹೊಲಿಯಬೇಕು, ಇಲ್ಲದಿದ್ದರೆ ರಕ್ತ ಹೋಗುವುದೇ ಇಲ್ಲ. ಆರ್ಟರಿಯ ಒತ್ತಡಕ್ಕೆ ಸಿಕ್ಕಿ ವರ್ಷಗಳು ಕಳೆದಂತೆ ಒಳಗೋಡೆ ದಪ್ಪವಾಗುತ್ತಾ ಮುಚ್ಚುತ್ತಾ ಬರಬಹುದು. ಮತ್ತೆ ಗಾತ್ರದ ತೊಂದರೆ. ವೇನ್ 4–5 ಮಿಲಿಮೀಟರ್, ಮೆದುಳಿನ ನಾಳ 2 ಮಿಲಿಮೀಟರ್ ಚಿಲ್ಲರೆ. ತೋಟಕ್ಕೆ ಪೈಪ್ ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಎರಡಿಂಚಿನ ಪೈಪನ್ನು ನೇರ ಅರ್ಧ ಇಂಚಿನ ಪೈಪಿಗೆ ಸೇರಿಸಿದರೆ ಜಾಯಿಂಟ್‌ನಲ್ಲಿ ನೀರು ಹೇಗೆ ಸುತ್ತುತ್ತದೆ, ಅಲ್ಲೇ ಹೇಗೆ ಕಸ ಕೂರುತ್ತದೆ ಅಂತ ನಿಮಗೆ ಗೊತ್ತು. ರಕ್ತ ಹಾಗೆ ಸುತ್ತಿದರೆ ಹೆಪ್ಪುಗಟ್ಟುತ್ತದೆ.

ಅದಕ್ಕೇ ಈಗ ಹೆಚ್ಚಿನವರ ಮೊದಲ ಆಯ್ಕೆ ಮುಂಗೈಯ ರೇಡಿಯಲ್ ಆರ್ಟರಿ. ಡಾಕ್ಟರು ನಾಡಿ ಹಿಡಿದು ನೋಡುತ್ತಾರಲ್ಲ, ಅದೇ. ಅಗಲ ಸುಮಾರು 3 ಮಿಲಿಮೀಟರ್, ಮೆದುಳಿನ ನಾಳಕ್ಕೆ ಚೆನ್ನಾಗಿ ಹೊಂದುತ್ತದೆ. ಉದ್ದವೂ 20 ಸೆಂಟಿಮೀಟರ್ ಹತ್ತಿರ ಸಿಗುತ್ತದೆ. ಗೋಡೆ ಗಟ್ಟಿ, ಹುಟ್ಟಿನಿಂದಲೇ ಒತ್ತಡ ಅಭ್ಯಾಸ. ಮಿನಿಟಿಗೆ 50ರಿಂದ 150 ಮಿಲಿಲೀಟರ್ ಕೊಡುತ್ತದೆ. ಒಂದೇ ಒಂದು ಕೆಟ್ಟ ಗುಣ, ಮುಟ್ಟಿದರೆ ಮುದುಡುತ್ತದೆ. ಗೋಡೆಯಲ್ಲಿ ಸ್ನಾಯು ಜಾಸ್ತಿ ಇರುವುದರಿಂದ ಬಿಗಿಯಾಗಿ ಹಿಡಿದುಕೊಂಡು ರಕ್ತವೇ ನಿಂತುಹೋಗಬಹುದು. 1970ರ ದಶಕದಲ್ಲಿ ಪ್ಯಾರಿಸ್‌ನ ಹೃದಯದ ಸರ್ಜನ್ ಕಾರ್ಪೆಂಟಿಯೇ ಇದನ್ನು ಹೃದಯಕ್ಕೆ ಬಳಸಲು ಶುರುಮಾಡಿ ಇದೇ ಕಾರಣಕ್ಕೆ ಕೈಬಿಟ್ಟಿದ್ದರು. ಮುದುಡುವುದನ್ನು ತಡೆಯುವ ಔಷಧಿಗಳು ಬಂದ ಮೇಲೆ 1990ರ ದಶಕದಲ್ಲಿ ಅದು ಮರಳಿ ಬಂತು. ಮೆದುಳಿನ ಬೈಪಾಸಿನಲ್ಲಿ ಇದಕ್ಕೆ ಒಳ್ಳೆಯ ಉಪಾಯ ಹೇಳಿಕೊಟ್ಟವರು ಭಾರತ ಮೂಲದ, ಅಮೆರಿಕದ ಸಿಯಾಟಲ್‌ನಲ್ಲಿ ಕೆಲಸ ಮಾಡಿದ ಡಾ. ಲಾಲಿಗಂ ಶೇಖರ್. ನಾಳವನ್ನು ಹೊರತೆಗೆದ ಮೇಲೆ ಒಳಗೆ ಔಷಧಿಯ ದ್ರಾವಣವನ್ನು ಒತ್ತಡದಿಂದ ತುಂಬಿಸಿ ಒಂದೊಂದೇ ಭಾಗವನ್ನು ಹಿಗ್ಗಿಸುತ್ತಾ ಹೋಗುವುದು. ಹೀಗೆ ಮಾಡಿದರೆ ಆಮೇಲೆ ಮುದುಡುವುದು ತುಂಬ ಕಡಿಮೆ.

ಕೈಯಿಂದ ನಾಳ ತೆಗೆದರೆ ಕೈ ಬಿದ್ದುಹೋಗುವುದಿಲ್ಲವಾ ಅಂತ ಹೆದರಿಕೆ ಎಲ್ಲರಿಗೂ ಉಂಟು. ತೆಗೆಯುವುದು ರಕ್ತನಾಳ, ನರವನ್ನಲ್ಲ. ಅಂಗೈಗೆ ಎರಡು ದಾರಿಯಿಂದ ರಕ್ತ ಬರುತ್ತದೆ, ಹೆಬ್ಬೆರಳಿನ ಬದಿಯಿಂದ ರೇಡಿಯಲ್, ಕಿರುಬೆರಳಿನ ಬದಿಯಿಂದ ಅಲ್ನಾರ್. ಅಂಗೈಯೊಳಗೆ ಎರಡೂ ಸೇರುತ್ತವೆ. ಸೇರುವುದು ಸರಿಯಾಗಿದ್ದರೆ ಒಂದನ್ನು ತೆಗೆದರೂ ಇನ್ನೊಂದು ಸಾಕು. ಸರಿ ಉಂಟಾ ಅಂತ ನೋಡಲು ಅಲೆನ್ ಟೆಸ್ಟ್ ಇದೆ, 1929ರಿಂದ ಇರುವ ಸರಳ ಪರೀಕ್ಷೆ. ರೋಗಿ ಮುಷ್ಟಿ ಬಿಗಿ ಹಿಡಿಯಬೇಕು, ಡಾಕ್ಟರು ಮಣಿಕಟ್ಟಿನ ಎರಡೂ ನಾಳ ಒತ್ತಿ ಹಿಡಿಯುತ್ತಾರೆ, ಮುಷ್ಟಿ ಬಿಚ್ಚಿದರೆ ಅಂಗೈ ಬಿಳಿಚಿರುತ್ತದೆ. ಡಾಕ್ಟರು ಅಲ್ನಾರ್ ನಾಳವನ್ನು ಒತ್ತಿದ ಬೆರಳನ್ನು ಮಾತ್ರ ತೆಗೆದಾಗ ಕೆಲವೇ ಸೆಕೆಂಡಿನಲ್ಲಿ ಅಂಗೈ ಕೆಂಪೇರಬೇಕು. ಏರದಿದ್ದರೆ ಆ ಕೈಯನ್ನು ಮುಟ್ಟಬಾರದು. ಬರೀ ಇದನ್ನೇ ನಂಬಿ ಕೂರದೆ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನೂ ಮಾಡುತ್ತಾರೆ.

ಈಗ ಇವತ್ತಿನ ಮುಖ್ಯ ಭಾಗ. ರೇಡಿಯಲ್ ಸಿಗದಿದ್ದರೆ?

ಯಾಕೆ ಸಿಗುವುದಿಲ್ಲ ಅಂದರೆ ಕಾರಣ ಹಲವು. ಅಲೆನ್ ಟೆಸ್ಟ್ ಸರಿ ಇಲ್ಲದಿರಬಹುದು. ಹುಟ್ಟಿನಿಂದಲೇ ನಾಳ ಸಪೂರ ಇರಬಹುದು. ಕಿಡ್ನಿ ತೊಂದರೆಯವರಿಗೆ ಡಯಾಲಿಸಿಸ್‌ಗಾಗಿ ಆ ಕೈಯಲ್ಲಿ ಫಿಸ್ಟುಲಾ, ಅಂದರೆ ಆರ್ಟರಿಗೂ ವೇನ್‌ಗೂ ಜೋಡಣೆ, ಮಾಡಿರಬಹುದು. ಹೃದಯದ ಬೈಪಾಸಿಗೆ ಆಗಲೇ ತೆಗೆದಿರಬಹುದು. ಮತ್ತೆ ನಮ್ಮ ಕಡೆ ಈಗ ಜಾಸ್ತಿ ಕಾಣುವ ಕಾರಣ ಮಣಿಕಟ್ಟಿನಿಂದ ಮಾಡುವ ಆಂಜಿಯೋಗ್ರಾಮ್. ಎದೆನೋವು ಅಂತ ಮಂಗಳೂರಿಗೆ ಹೋಗುತ್ತೀರಿ, ಮಣಿಕಟ್ಟಿನಿಂದ ತಂತಿ ಹಾಕಿ ನೋಡುತ್ತಾರೆ, ಸಂಜೆಗೆ ಮನೆಗೆ. ರೋಗಿಗೆ ಅದು ಒಳ್ಳೆಯದೇ, ತೊಡೆಯಿಂದ ಮಾಡುವುದಕ್ಕಿಂತ ರಕ್ತಸ್ರಾವ ಕಡಿಮೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ತಂತಿ ಹೋದ ನಾಳದ ಒಳಪದರಕ್ಕೆ ಗಾಯವಾಗಿರುತ್ತದೆ, ಕೆಲವರಲ್ಲಿ ನಾಳವೇ ಮುಚ್ಚಿರುತ್ತದೆ. ಅಂಗೈಗೆ ಇನ್ನೊಂದು ಕಡೆಯಿಂದ ರಕ್ತ ಬರುವುದರಿಂದ ಅವರಿಗೆ ಗೊತ್ತೂ ಆಗಿರುವುದಿಲ್ಲ. ಅಂಥ ನಾಳವನ್ನು ಗ್ರಾಫ್ಟ್ ಆಗಿ ಬಳಸದಿರುವುದು ಕ್ಷೇಮ. ಯಾವ ಕೈಯಿಂದ ಆಂಜಿಯೋ ಆಯಿತು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ. ಆ ಚೀಟಿ ಬಿಸಾಡಬೇಡಿ ಮಾರಾಯ್ರೆ.

ಇನ್ನೊಂದು ಕೈ ಉಂಟಲ್ಲ? ಮೊದಲು ಅದನ್ನೇ ನೋಡುತ್ತೇವೆ. ಅದೂ ಆಗದಿದ್ದರೆ ಕಾಲಿಗೆ ಇಳಿಯಬೇಕು. ಅಲ್ಲಿ ವೇನ್ ಇದೆ, ಆಗಲೇ ಹೇಳಿದೆ. ಆದರೆ ಅಡುಗೆಯವರು, ಅಧ್ಯಾಪಕರು, ಅಂಗಡಿಯಲ್ಲಿ ದಿನವಿಡೀ ನಿಲ್ಲುವವರು, ಇವರಲ್ಲಿ ತುಂಬ ಜನರಿಗೆ ಕಾಲಿನ ವೇನ್ ಉಬ್ಬಿ ಗಂಟುಗಂಟಾಗಿರುತ್ತದೆ. ಅಂಥದ್ದು ಪ್ರಯೋಜನಕ್ಕಿಲ್ಲ. ಆರ್ಟರಿಯೇ ಬೇಕು ಅಂತಾದರೆ ಕಾಲಿನಲ್ಲಿ ಮುಖ್ಯವಾಗಿ ಎರಡು ಕಡೆ ಹುಡುಕಬಹುದು.

ಒಂದು, ಆಂಟೀರಿಯರ್ ಟಿಬಿಯಲ್ ಆರ್ಟರಿ. ಮೊಣಕಾಲಿನ ಕೆಳಗೆ ಕಾಲಿಗೆ ಮೂರು ನಾಳಗಳು. ಎರಡು ಹಿಂದಿನಿಂದ ಇಳಿಯುತ್ತವೆ, ಇದೊಂದು ಮುಂದಿನಿಂದ, ಮೊಣಕಾಲಿನ ಕೆಳಗಿನ ಎಲುಬಿನ ಪಕ್ಕದಲ್ಲಿ ಸ್ನಾಯುಗಳ ನಡುವೆ ಆಳದಲ್ಲಿ ಇಳಿದು ಪಾದದ ಮೇಲ್ಭಾಗಕ್ಕೆ ಬರುತ್ತದೆ. ಗಾತ್ರ ರೇಡಿಯಲ್‌ಗೆ ಹತ್ತಿರ, ಉದ್ದ ಧಾರಾಳ. ಮೂರರಲ್ಲಿ ಉಳಿದ ಎರಡು ಚೆನ್ನಾಗಿದ್ದರೆ ಇದನ್ನು ತೆಗೆದರೂ ಪಾದಕ್ಕೆ ರಕ್ತ ಸಿಗುತ್ತದೆ. ಈ 'ಚೆನ್ನಾಗಿದ್ದರೆ' ಅನ್ನುವುದನ್ನು ಬರೀ ಕೈಯಲ್ಲಿ ಮುಟ್ಟಿ ಹೇಳಲಾಗುವುದಿಲ್ಲ. ಪಾದದ ಎರಡೂ ಮಿಡಿತ ನೋಡಬೇಕು, ಡಾಪ್ಲರ್ ಮಾಡಬೇಕು, ಕಾಲಿನ ಸಿಟಿ ಆಂಜಿಯೋಗ್ರಾಮ್ ಮಾಡಬೇಕು. ಕೆಲವರಿಗೆ ಹುಟ್ಟಿನಿಂದಲೇ ಈ ನಾಳ ಸಣ್ಣದಿದ್ದು ಪಾದದ ಮೇಲ್ಭಾಗಕ್ಕೆ ಬೇರೊಂದರಿಂದ ರಕ್ತ ಬರುತ್ತದೆ. ಇನ್ನು ಕೆಲವರಲ್ಲಿ ಇದೇ ಮುಖ್ಯ ನಾಳ, ತೆಗೆದರೆ ಪಾದಕ್ಕೇ ಕುತ್ತು. ಅದರ ಜೊತೆಗೇ ಒಂದು ನರ ಹೋಗುತ್ತದೆ, ಪಾದವನ್ನು ಮೇಲೆತ್ತುವ ನರ. ತೆಗೆಯುವಾಗ ಅದಕ್ಕೆ ಪೆಟ್ಟಾದರೆ ನಡೆಯುವಾಗ ಪಾದ ಜೋತುಬೀಳುತ್ತದೆ. ಹಾಗಾಗಿ ಇದು ಎಲ್ಲರೂ ಮಾಡುವ ಕೆಲಸವಲ್ಲ.

ಶುಗರ್ ಇರುವವರಿಗೆ ಒಂದು ಮಾತು. ಶುಗರ್ ಕಾಯಿಲೆ ಹೆಚ್ಚಾಗಿ ಹಿಡಿಯುವುದೇ ಮೊಣಕಾಲಿನ ಕೆಳಗಿನ ಈ ನಾಳಗಳನ್ನು. ಗೋಡೆಯಲ್ಲಿ ಸುಣ್ಣ ಕಟ್ಟಿರುತ್ತದೆ. ಹೊಲಿಯಲು ಹೋದರೆ ಸೂಜಿಯೇ ಹೋಗುವುದಿಲ್ಲ, ಮತ್ತೆ ಪಾದಕ್ಕೆ ಇದ್ದ ಒಂದು ದಾರಿಯನ್ನೂ ಕಿತ್ತುಕೊಂಡ ಹಾಗಾಗುತ್ತದೆ. ಹತ್ತಾರು ವರ್ಷ ಶುಗರ್ ಇದ್ದವರ ಮೊಣಕಾಲಿನ ಕೆಳಗಿನ ಆರ್ಟರಿ ತೆಗೆಯಲು ನನಗೆ ಧೈರ್ಯ ಬರುವುದಿಲ್ಲ.

ಅಂಥವರಿಗೆ ತೊಡೆಯ ನಾಳ ಉಂಟು. ಹೆಸರು ಉದ್ದ, ಲ್ಯಾಟರಲ್ ಸರ್ಕಮ್‌ಫ್ಲೆಕ್ಸ್ ಫೀಮೊರಲ್ ಆರ್ಟರಿಯ ಕೆಳಮುಖದ ಕವಲು. ತೊಡೆಯ ಮುಂಭಾಗದ ಎರಡು ಸ್ನಾಯುಗಳ ನಡುವೆ ಇಳಿಯುತ್ತದೆ. ಪ್ಲಾಸ್ಟಿಕ್ ಸರ್ಜನ್‌ಗಳಿಗೆ ಇದು ಹಳೆಯ ಪರಿಚಯ, ಸುಟ್ಟಗಾಯಕ್ಕೋ ಬಾಯಿ ಕ್ಯಾನ್ಸರಿಗೋ ತೊಡೆಯ ಚರ್ಮ ತಂದು ಜೋಡಿಸುವಾಗ ಇದೇ ನಾಳದ ಜೊತೆ ತರುತ್ತಾರೆ. ಕಾಲಿನ ಮುಖ್ಯ ದಾರಿ ಇದಲ್ಲ, ಹಾಗಾಗಿ ಹೆಚ್ಚಿನವರಲ್ಲಿ ತೆಗೆದರೂ ಕಾಲಿಗೆ ಏನೂ ಆಗುವುದಿಲ್ಲ. ಕೊಬ್ಬು ಕಟ್ಟುವುದೂ ಕಡಿಮೆ. ಗಾತ್ರ 2 ಮಿಲಿಮೀಟರ್ ಆಸುಪಾಸು, ಮೆದುಳಿನ ನಾಳಕ್ಕೆ ಸರಿಹೊಂದುತ್ತದೆ, ಆದರೆ ಕತ್ತಿನಿಂದ ಎಳೆಯುವಷ್ಟು ಉದ್ದ ಎಲ್ಲರಲ್ಲೂ ಸಿಗುವುದಿಲ್ಲ. ಅದಕ್ಕೂ ಉಪಾಯ ಇದೆ. ಕತ್ತಿನಿಂದ ಶುರುಮಾಡುವ ಬದಲು ಕೆನ್ನೆಯ ಎಲುಬಿನ ಹಿಂದಿರುವ ಮ್ಯಾಕ್ಸಿಲರಿ ಆರ್ಟರಿಯಿಂದ ಅಥವಾ ಕಿವಿ ಮುಂದಿನ ಆರ್ಟರಿಯ ಬುಡದಿಂದ ಶುರುಮಾಡಿದರೆ ಅರ್ಧ ಉದ್ದ ಸಾಕಾಗುತ್ತದೆ. ಒಂದೇ ಎಚ್ಚರ ಏನೆಂದರೆ, ತೊಡೆಯ ಮುಖ್ಯ ನಾಳ ಆಗಲೇ ಬಂದ್ ಆಗಿರುವವರಲ್ಲಿ ಈ ಕವಲೇ ಕಾಲನ್ನು ಉಳಿಸಿರಬಹುದು. ಅಂಥವರಲ್ಲಿ ಮುಟ್ಟಲೇಬಾರದು.

ಒಬ್ಬರ ಕತೆ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಗಡಿಯ ಈಚೆಯವರೇ, ಬಸ್ ಡ್ರೈವರ್, ಐವತ್ತು ದಾಟಿತ್ತು. ಎದುರಿನ ಗಾಡಿ ಎರಡೆರಡು ಕಾಣುತ್ತದೆ ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಸ್ಕ್ಯಾನ್ ಮಾಡಿದರೆ ಕಣ್ಣಿನ ಹಿಂದೆ ಕೆರೋಟಿಡ್‌ನಲ್ಲಿ ದೈತ್ಯ ಅನ್ಯೂರಿಸಂ. ಈಗ ಇಂಥವುಗಳಲ್ಲಿ ಹೆಚ್ಚಿನದಕ್ಕೆ ರಕ್ತದ ಹರಿವು ತಿರುಗಿಸುವ ಸ್ಟೆಂಟ್ ಹಾಕುತ್ತಾರೆ, 2011ರ ನಂತರ ಅದು ಬಂದು ನಮ್ಮ ಬೈಪಾಸ್ ಕೆಲಸ ಎಷ್ಟೋ ಕಡಿಮೆಯಾಗಿದೆ, ಅದು ಒಳ್ಳೆಯದೇ. ಇವರ ನಾಳದ ತಿರುವಿಗೆ ಸ್ಟೆಂಟ್ ಕೂರುವ ಹಾಗಿರಲಿಲ್ಲ. ಬಲೂನಿನಿಂದ ಕೆರೋಟಿಡ್ ಅನ್ನು ತಾತ್ಕಾಲಿಕ ಮುಚ್ಚಿ ನೋಡಿದರು, ಸ್ವಲ್ಪ ಹೊತ್ತಿನಲ್ಲೇ ಕೈ ಬಲ ಕಡಿಮೆಯಾಗತೊಡಗಿತು. ಅಂದರೆ ಆ ಬದಿಗೆ ಬೇರೆ ಕಡೆಯಿಂದ ರಕ್ತ ಸಾಲದು, ದೊಡ್ಡ ಗ್ರಾಫ್ಟ್ ಹಾಕಲೇಬೇಕು. ಬಲಗೈಯಿಂದ ಹಿಂದೆ ಹೃದಯದ ಆಂಜಿಯೋ ಆಗಿತ್ತು, ಡಾಪ್ಲರ್‌ನಲ್ಲಿ ನಾಳ ಮುಚ್ಚಿತ್ತು. ಎಡಗೈಯಲ್ಲಿ ಅಲೆನ್ ಟೆಸ್ಟ್ ಮಾಡಿದರೆ ಅಂಗೈ ಬಿಳಿಚಿಯೇ ಉಳಿಯಿತು. ಎರಡೂ ಕಾಲಿನ ವೇನ್ ಉಬ್ಬಿತ್ತು. ಕಾಲಿನ ಸಿಟಿ ಆಂಜಿಯೋ ಮಾಡಿದಾಗ ಮೂರೂ ನಾಳ ಸ್ವಚ್ಛ ಕಂಡವು, ಶುಗರ್ ಇರಲಿಲ್ಲ. ಹಾಗಾಗಿ ಆಂಟೀರಿಯರ್ ಟಿಬಿಯಲ್ ಅಂತ ತೀರ್ಮಾನವಾಯಿತು.

ಯಾವ ಕಾಲು? ಅವರ ಹೆಂಡತಿ ಕೇಳಿದರು, "ಎಡಗಾಲು ಕ್ಲಚ್, ಬಲಗಾಲು ಬ್ರೇಕ್, ಯಾವುದಾದರೂ ಕಷ್ಟವೇ ಅಲ್ವಾ?" ಆ ಅಕ್ಕ ಕೇಳಿದ್ದು ನನಗೆ ತುಂಬ ಹಿಡಿಸಿತು. ಈ ತೀರ್ಮಾನ ಡಾಕ್ಟರು ಒಬ್ಬರೇ ಮಾಡುವಂಥದ್ದಲ್ಲ. ಮಾತಾಡಿ ಎಡಗಾಲು ಅಂತಾಯಿತು. ಗ್ರಾಫ್ಟ್ ಚೆನ್ನಾಗಿ ಹರಿಯಿತು, ಪಾದ ಬೆಚ್ಚಗೆ ಉಳಿಯಿತು, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಚರ್ಮದಲ್ಲಿ ಮಾತ್ರ ಸ್ವಲ್ಪ ಜೋಮು ಉಳಿದುಕೊಂಡಿತು. ಬಸ್ ಓಡಿಸುವುದು ಬೇಡ ಅಂತ ನಾವೇ ಹೇಳಿದೆವು, ಅದು ಕಾಲಿನ ಕಾರಣಕ್ಕಲ್ಲ, ತಲೆಯ ಆಪರೇಷನ್ ಆದವರಿಗೆ ಫಿಟ್ಸ್ ಬರುವ ಸಾಧ್ಯತೆ ಇರುವುದರಿಂದ.

ಆಪರೇಷನ್ ದಿನ ಕೈ, ಕಾಲು ಎರಡನ್ನೂ ತೊಳೆದು ತಯಾರು ಇಟ್ಟುಕೊಳ್ಳುತ್ತೇವೆ. ಕೈಯ ನಾಳ ತೆರೆದು ನೋಡಿದಾಗ ಅಂದುಕೊಂಡಂತೆ ಇಲ್ಲದಿದ್ದರೆ ಆಗ ಹೊಸತಾಗಿ ಹುಡುಕಲು ಸಮಯ ಇರುವುದಿಲ್ಲ. ಮೆದುಳಿನ ನಾಳವನ್ನು ಕ್ಲಿಪ್ ಹಾಕಿ ನಿಲ್ಲಿಸಿ, ಮೈಕ್ರೋಸ್ಕೋಪ್ ಅಡಿಯಲ್ಲಿ, ಕೂದಲಿಗಿಂತ ಸಪೂರ ದಾರದಲ್ಲಿ ಸುತ್ತಲೂ ಹೊಲಿಯಬೇಕು. ಅಷ್ಟು ಹೊತ್ತು ಆ ಭಾಗಕ್ಕೆ ರಕ್ತ ಕಡಿಮೆ. ಒಂದೊಂದು ಮಿನಿಟೂ ಲೆಕ್ಕಕ್ಕೆ ಬರುತ್ತದೆ.

ಈಗ ಬೀಡಿಯ ಬಗ್ಗೆ. ನಮ್ಮ ಈ ಭಾಗದಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಜನ. ಅವರ ದುಡಿಮೆಯ ಬಗ್ಗೆ ನನಗೆ ಗೌರವ ಉಂಟು. ಸೇದುವವರಿಗೆ ಮಾತ್ರ ಹೇಳುತ್ತಿದ್ದೇನೆ. ತಂಬಾಕು ಅನ್ಯೂರಿಸಂ ಹುಟ್ಟುವುದಕ್ಕೂ ಒಡೆಯುವುದಕ್ಕೂ ಕಾರಣ. ಅದೇ ತಂಬಾಕು ಬರ್ಗರ್ ಕಾಯಿಲೆಯನ್ನೂ ತರುತ್ತದೆ, ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ್ದು. ಹರೆಯದ ಗಂಡಸರ ಕೈಕಾಲಿನ ಸಣ್ಣ, ಮಧ್ಯಮ ಗಾತ್ರದ ನಾಳಗಳು ಒಂದೊಂದಾಗಿ ಮುಚ್ಚುತ್ತವೆ, ಬೆರಳು ಕಪ್ಪಾಗಿ ಕೊಳೆಯುತ್ತದೆ, ಕತ್ತರಿಸಬೇಕಾಗುತ್ತದೆ. ನಾನು ಇಷ್ಟು ಹೊತ್ತು ಹೇಳಿದ ರೇಡಿಯಲ್, ಟಿಬಿಯಲ್ ಎಲ್ಲ ಅದೇ ಗಾತ್ರದ ನಾಳಗಳು. ಬೈಪಾಸ್ ಬೇಕಾಗುವ ಕಾಯಿಲೆಯನ್ನೂ ತಂದು, ಬೈಪಾಸಿಗೆ ಬೇಕಾದ ನಾಳಗಳನ್ನೂ ಹಾಳುಮಾಡುವ ವಸ್ತು ಅದು. ನನಗೆ ಸಿಟ್ಟು ಬರುವುದು ಈ ಒಂದು ವಿಷಯಕ್ಕೆ. ಬಿಟ್ಟರೆ ಲಾಭ ಉಂಟು, ಯಾವ ವಯಸ್ಸಿನಲ್ಲಿ ಬಿಟ್ಟರೂ.

ಆಸ್ಪತ್ರೆಗೆ ಹೋಗುವಾಗ ಏನು ಕೇಳಬೇಕು? ನಮ್ಮ ಜನಕ್ಕೆ ಮಂಗಳೂರು 50 ಕಿಲೋಮೀಟರ್ ಆಸುಪಾಸು. ಇಂಥ ದೊಡ್ಡ ಕೇಸಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೋ ತಿರುವನಂತಪುರದ ಶ್ರೀಚಿತ್ರಾಕ್ಕೋ ಕಳಿಸುವುದುಂಟು, ತಿರುವನಂತಪುರ ಅಂದರೆ 550 ಕಿಲೋಮೀಟರಿಗೂ ದೂರ. 2020ರಲ್ಲಿ ಕೊರೋನಾ ಅಂತ ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಇಲ್ಲಿನ ರೋಗಿಗಳು ಪಟ್ಟ ಪಾಡು ನಿಮಗೇ ಗೊತ್ತು. ಇಷ್ಟು ದೂರ ಹೋದ ಮೇಲೆ ಭಾಷೆ ಅರ್ಥವಾಗದೆ ತಲೆಯಾಡಿಸಿ ಸಹಿ ಹಾಕಿ ಬರಬೇಡಿ. ಕನ್ನಡ ಬರುವ ನರ್ಸೋ ಡಾಕ್ಟರೋ ಇದ್ದಾರಾ ಕೇಳಿ, ಇಲ್ಲದಿದ್ದರೆ ಮಲಯಾಳವೋ ಇಂಗ್ಲಿಷೋ ಚೆನ್ನಾಗಿ ಗೊತ್ತಿರುವ ಮನೆಯವರು ಒಬ್ಬರು ಜೊತೆಗಿರಲಿ. ಗ್ರಾಫ್ಟ್ ಬೇಕಾ, ಪಕ್ಕದ ನಾಳವೇ ಸಾಕಾ ಅಂತ ಕೇಳಿ. ಎಲ್ಲಿಂದ ತೆಗೆಯುತ್ತೀರಿ, ಅದು ಆಗದಿದ್ದರೆ ಎಲ್ಲಿಂದ ಅಂತ ಕೇಳಿ. ಎಡಗೈಯಲ್ಲಿ ಕೆಲಸ ಮಾಡುವವರು ಅದನ್ನು ನೀವೇ ಹೇಳಿ, ಯಾರೂ ಕೇಳಲಿಕ್ಕಿಲ್ಲ. ಅಡಿಕೆ ಮರ ಹತ್ತುವವರು, ತೆಂಗು ಹತ್ತುವವರು, ಚೆಂಡೆ ಬಾರಿಸುವವರು, ನಿಮ್ಮ ಕೈಕಾಲಿನ ಕೆಲಸ ಏನು ಅಂತ ಹೇಳಿ. ಯಾವ ಕೈ ಅಂತ ನಿಶ್ಚಯ ಆದ ಮೇಲೆ ಆ ಮಣಿಕಟ್ಟಿನಿಂದ ರಕ್ತ ತೆಗೆಯಲು, ಸೂಜಿ ಹಾಕಲು ಬಿಡಬೇಡಿ, ವಾರ್ಡಿನಲ್ಲಿ ಎಲ್ಲರಿಗೂ ನೆನಪಿರುವುದಿಲ್ಲ.

ಮನೆಗೆ ಬಂದ ಮೇಲಿನ ಜಾಗ್ರತೆ ಕೆಲವು. ಹೊಸ ನಾಳ ಕಿವಿಯ ಮುಂದೆ ಅಥವಾ ಹಿಂದೆ ಚರ್ಮದ ಕೆಳಗೇ ಹೋಗುತ್ತದೆ, ಬೆರಳಿಟ್ಟರೆ ಮಿಡಿತ ಸಿಗುತ್ತದೆ. ಅದರ ಮೇಲೆ ಒತ್ತಡ ಬೀಳಬಾರದು. ಬಿಗಿಯಾದ ಕನ್ನಡಕದ ಕಾಲು, ಮಾಸ್ಕಿನ ದಾರ, ತಲೆಗೆ ಬಿಗಿದ ಬೈರಾಸು (ಟವೆಲ್), ಅಡಿಕೆ ಹಾಳೆಯ ಮುಟ್ಟಾಳೆ (ಟೊಪ್ಪಿ), ಇವೆಲ್ಲ ಬೇಡ. ತಲೆಹೊರೆ ಬೇಡ. ಹೆಲ್ಮೆಟ್ ಹಾಕಬೇಕಾಗುವ ಬೈಕ್ ಸವಾರಿಯೂ ಡಾಕ್ಟರು ಸರಿ ಅನ್ನುವ ತನಕ ಬೇಡ. ಮಲಗುವಾಗ ಆ ಬದಿಗೆ ತಿರುಗಿ ಮಲಗಬೇಡಿ. ಆಸ್ಪಿರಿನ್ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಜೀವನಪೂರ್ತಿ. ಹಲ್ಲು ಕೀಳಿಸಲು ಹೋದಾಗಲೋ, ಗ್ಯಾಸ್ಟ್ರಿಕ್ ಅಂತಲೋ ಯಾರೋ ನಿಲ್ಲಿಸಲು ಹೇಳುತ್ತಾರೆ, ಆಪರೇಷನ್ ಮಾಡಿದವರಿಗೆ ಒಂದು ಫೋನ್ ಮಾಡದೆ ನಿಲ್ಲಿಸಬೇಡಿ. ಚಳಿಗೆ ಕೈ ಬಿಳಿಚುವುದು, ನಡೆದರೆ ಕಾಲು ನೋಯುವುದು, ಪಾದದಲ್ಲಿ ಹುಣ್ಣು ಮಾಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ನಾಳ ಕೊಟ್ಟ ಜಾಗವನ್ನು ತೋರಿಸಬೇಕು. ತಲೆ ಚೆನ್ನಾಗಿದೆ ಅಂತ ಕಾಲನ್ನು ಮರೆತುಬಿಡುವವರು ಜಾಸ್ತಿ.

ಮಾತಿನಲ್ಲಿ ತೊದಲು, ಬಾಯಿ ಓರೆ, ಒಂದು ಬದಿ ಬಲ ಕಡಿಮೆ, ಒಮ್ಮೆಗೇ ಜೋರು ತಲೆನೋವು, ಇವು ಬಂದರೆ ಮರುದಿನಕ್ಕೆ ಕಾಯದೆ ಆಗಲೇ ಹೊರಡಿ.

ನನ್ನ ಮಾತು ಇಷ್ಟು. ಈಗ ನೀವು ಕೇಳಿ. ಯಾರದಾದರೂ ಫೈಲ್ ತಂದಿದ್ದರೆ ಆ ಕೊನೆಯ ಬೆಂಚಿನ ಹತ್ತಿರ ಕೂತು ಒಬ್ಬೊಬ್ಬರದಾಗಿ ನೋಡೋಣ, ಸಿಡಿ ಇದ್ದರೆ ಅದನ್ನೂ ಕೊಡಿ, ಲ್ಯಾಪ್‌ಟಾಪ್ ತಂದಿದ್ದೇನೆ.